ವಿನಾಯಿತಿಯಷ್ಟೇ ಸಾಲದು, ಬರಹದಲ್ಲಿ ಪಾಲೂ ಬೇಕು

ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಕಳೆದವನಿಗೆ ‘ವಿನಾಯಿತಿ’ ಎಂಬ ಪದದ ಗುಣ-ದೋಷಗಳೆರಡೂ ಚೆನ್ನಾಗಿ ಗೊತ್ತಿರುತ್ತವೆ. ತೆರಿಗೆಯಲ್ಲಿ ವಿನಾಯಿತಿ, ವಯೋಮಿತಿಯಲ್ಲಿ ವಿನಾಯಿತಿ, ಶುಲ್ಕದಲ್ಲಿ ವಿನಾಯಿತಿ. ಆಡಳಿತದ ಬಳಿ ಇರುವ ಅತ್ಯಂತ ಅಗ್ಗದ ಔದಾರ್ಯ ಇದು. ಇದಕ್ಕೆ ಹೊಸ ಹುದ್ದೆ ಮಂಜೂರಾಗಬೇಕಿಲ್ಲ, ಕಟ್ಟಡ ಏಳಬೇಕಿಲ್ಲ. ಒಂದು ಸುತ್ತೋಲೆ ಹೊರಟರೆ ಸಾಕು. ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ, ಅಂದರೆ ಬುದ್ಧಿಯಲ್ಲಿ ಯಾವ ಕೊರತೆಯಿಲ್ಲದಿದ್ದರೂ ಅಕ್ಷರಗಳ ಮುಂದೆ ಮಾತ್ರ ಎಡವುವ ಮಕ್ಕಳಿಗೆ, ನಮ್ಮ ಶಿಕ್ಷಣ ವ್ಯವಸ್ಥೆ ಕೊಡಲು ಕಲಿತಿರುವುದೂ ಬಹುಮಟ್ಟಿಗೆ ಇದನ್ನೇ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಕಾಗುಣಿತದ ತಪ್ಪುಗಳಿಗೆ ಕ್ಷಮೆ, ಕೆಲವೆಡೆ ಒಂದು ಭಾಷೆಯಿಂದಲೇ ಬಿಡುಗಡೆ.

ಇವೆಲ್ಲ ಬೇಕು, ಇವನ್ನು ಪಡೆಯಲು ಪೋಷಕರು ಪಟ್ಟ ಪಾಡು ಸಣ್ಣದಲ್ಲ. ಆದರೆ ವಿನಾಯಿತಿಯ ಭಾಷೆಗೆ ಒಂದು ಮಿತಿಯಿದೆ. ಮಗು ಏನನ್ನು ಮಾಡಬೇಕಾಗಿಲ್ಲ ಎಂಬುದನ್ನಷ್ಟೇ ಅದು ಹೇಳುತ್ತದೆ. ಮಗು ಏನನ್ನು ಮಾಡಬಲ್ಲದು, ಮಾಡಿದ್ದನ್ನು ಯಾರು ಓದುತ್ತಾರೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಬರಹದ ಲೋಕದಿಂದ ಮಗುವನ್ನು ಗೌರವದಿಂದಲೇ ಹೊರಗೆ ಕೂರಿಸುವ ಅಪಾಯ ಅದರಲ್ಲಿದೆ.

ಈ ಪ್ರಶ್ನೆಗೆ ಉತ್ತರವನ್ನು ನಾನು ಹುಡುಕಿದ್ದು ವಿಕಿ ಎಂಬ ಸಾಧನದಲ್ಲಿ. ಹನ್ನೊಂದು ವರ್ಷದ ನನ್ನ ಮೊಮ್ಮಗನಿಗೆ ಡಿಸ್ಲೆಕ್ಸಿಯಾ ಇದೆಯೆಂದು ಎರಡು ವರ್ಷಗಳ ಹಿಂದೆ ಖಚಿತವಾಯಿತು. ಅಂದಿನಿಂದ ಅವನೂ ಅವನ ಸೋದರತ್ತೆಯ ಮಗಳೂ ನಾನೂ ಸೇರಿ ಬೆಂಗಳೂರಿನ ಕೆರೆಗಳನ್ನು ಕುರಿತ ಒಂದು ಚಿಕ್ಕ ವಿಕಿಯನ್ನು ಕಟ್ಟುತ್ತಿದ್ದೇವೆ. ಇದು ಒಂದು ಮನೆಯ ಅನುಭವ ಮಾತ್ರ. ಇದನ್ನು ಸಂಶೋಧನೆಯೆಂದು ಕರೆಯುವ ಧೈರ್ಯ ನನಗಿಲ್ಲ. ಆದರೂ ಇದರಿಂದ ಹೊಮ್ಮಿದ ಕೆಲವು ವಿಚಾರಗಳು ಇತರ ಪೋಷಕರಿಗೂ ಶಿಕ್ಷಕರಿಗೂ ಉಪಯುಕ್ತವಾಗಬಹುದೆಂಬ ನಂಬಿಕೆಯಿಂದ ಈ ಲೇಖನ.

ಎಣಿಕೆಗೆ ಸಿಗದ ಮಕ್ಕಳು

ಈ ತೊಡಕು ಹೊಸದಲ್ಲ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯರು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಹದಿನಾಲ್ಕು ವರ್ಷದ ಪರ್ಸಿ ಎಂಬ ಹುಡುಗನ ಬಗ್ಗೆ ಬರೆದರು. ಆಟದಲ್ಲಿ, ಮಾತಿನಲ್ಲಿ ಯಾರಿಗೂ ಕಡಿಮೆಯಿಲ್ಲದ ಆ ಹುಡುಗನಿಗೆ ಓದು ಮಾತ್ರ ಒಲಿದಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಇವನೇ ಶಾಲೆಯ ಅತ್ಯಂತ ಚುರುಕಾದ ಹುಡುಗನಾಗುತ್ತಿದ್ದ ಎಂದು ಅವನ ಶಿಕ್ಷಕರು ಅಭಿಪ್ರಾಯಪಟ್ಟಿದ್ದನ್ನು ಮಾರ್ಗನ್ ದಾಖಲಿಸಿದ್ದಾರೆ. ಒಂದೇಕಾಲು ಶತಮಾನದ ನಂತರವೂ ಆ ಶಿಕ್ಷಕರ ಮಾತಿಗೆ ಸೇರಿಸಬೇಕಾದದ್ದು ಹೆಚ್ಚೇನಿಲ್ಲ.

ನಮ್ಮ ಕಾನೂನು ಈ ಮಕ್ಕಳನ್ನು ಗುರುತಿಸಲು ಬಹಳ ಕಾಲ ತೆಗೆದುಕೊಂಡಿತು. 1995ರ ಅಂಗವಿಕಲರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿತು. ಕಲಿಕೆಯ ವಿಶಿಷ್ಟ ತೊಡಕು ಅದರಲ್ಲಿ ಇರಲಿಲ್ಲ. 2007ರ ಡಿಸೆಂಬರಿನಲ್ಲಿ ‘ತಾರೇ ಜಮೀನ್ ಪರ್’ ಚಿತ್ರ ತೆರೆಕಂಡಾಗ ಮಧ್ಯಮ ವರ್ಗದ ಅನೇಕ ಮನೆಗಳು ಡಿಸ್ಲೆಕ್ಸಿಯಾ ಎಂಬ ಪದವನ್ನು ಮೊದಲ ಬಾರಿಗೆ ಕೇಳಿದವು. ಕಾನೂನಿನ ಪಟ್ಟಿಗೆ ಅದು ಸೇರಿದ್ದು 2016ರ ಕಾಯಿದೆಯಲ್ಲಿ, ಪಟ್ಟಿ 21ಕ್ಕೆ ಬೆಳೆದಾಗ. 2018ರ ಕೇಂದ್ರ ಮಾರ್ಗಸೂಚಿಯು ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷದ ಹೆಚ್ಚುವರಿ ಸಮಯ ಕೊಡಬೇಕೆಂದಿತು. ನಡುವೆ ಬಂದ 2011ರ ಜನಗಣತಿಯು ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದಾರೆಂದು ಲೆಕ್ಕ ಕೊಟ್ಟಿತು. ಅದರ ನಮೂನೆಯಲ್ಲೂ ಈ ಮಕ್ಕಳಿಗೆ ಪ್ರತ್ಯೇಕ ಕಾಲಂ ಇರಲಿಲ್ಲ. ಎಣಿಕೆಗೆ ಬಾರದವರು ಯೋಜನೆಗೂ ಬಾರರು ಎಂಬುದು ಆಡಳಿತದ ಹಳೆಯ ಪಾಠ.

ಶಾಲಾ ಮಕ್ಕಳಲ್ಲಿ ಶೇ 5ರಿಂದ 10ರಷ್ಟು ಮಂದಿಗೆ ಈ ತೊಡಕು ಇರಬಹುದೆಂಬುದು ತಜ್ಞರು ಸಾಮಾನ್ಯವಾಗಿ ಕೊಡುವ ಅಂದಾಜು. ಅಳತೆಗೋಲು ಬದಲಾದಂತೆ ಅಂಕಿಯೂ ಬದಲಾಗುತ್ತದೆ. ಆದರೂ ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರಿಂದ ನಾಲ್ವರು ಎಂದರೆ ಅದು ಅಪರೂಪದ ಕಾಯಿಲೆಯಲ್ಲ, ದಿನನಿತ್ಯದ ಸಂಗತಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕೇಂದ್ರಗಳು ನಮ್ಮ ರಾಜ್ಯದಲ್ಲೇ ಇರುವುದು ನಮ್ಮ ಭಾಗ್ಯ. ಅಲ್ಲಿಯವರೆಗೆ ತಲಪುವ ಮಕ್ಕಳು ಕೆಲವರೇ. ಉಳಿದವರಿಗೆ ‘ದಡ್ಡ’, ‘ಸೋಮಾರಿ’ ಎಂಬ ಎರಡು ಪ್ರಮಾಣಪತ್ರಗಳು ಮನೆ ಬಾಗಿಲಲ್ಲೇ ಸಿಗುತ್ತವೆ.

ಅಕ್ಷರದ ಭಾರ

ಕನ್ನಡ ಬರೆದಂತೆ ಓದುವ, ಓದಿದಂತೆ ಬರೆಯುವ ಭಾಷೆ. ಆದ್ದರಿಂದ ಇಲ್ಲಿ ಡಿಸ್ಲೆಕ್ಸಿಯಾ ಸಮಸ್ಯೆಯಾಗದು ಎಂದು ವಾದಿಸುವವರನ್ನು ನಾನು ಕಂಡಿದ್ದೇನೆ. ಈ ವಾದ ಅರ್ಧ ಸತ್ಯ. 2001ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದು ಇಟಲಿ, ಫ್ರಾನ್ಸ್ ಹಾಗೂ ಇಂಗ್ಲೆಂಡಿನ ಡಿಸ್ಲೆಕ್ಸಿಯಾ ಇರುವ ವಯಸ್ಕರನ್ನು ಹೋಲಿಸಿತು. ಉಚ್ಚಾರಣೆಗೂ ಬರಹಕ್ಕೂ ಹೆಚ್ಚು ಹೊಂದಾಣಿಕೆಯಿರುವ ಇಟಾಲಿಯನ್ನಿನಲ್ಲಿ ಓದುವವರು ಉಳಿದವರಿಗಿಂತ ಚೆನ್ನಾಗಿ ಓದುತ್ತಿದ್ದರು. ಆದರೆ ಮಿದುಳಿನ ಮೂಲ ತೊಡಕು ಮೂವರಲ್ಲೂ ಒಂದೇ ಆಗಿತ್ತು. ಭಾಷೆ ತೊಡಕಿನ ರೂಪವನ್ನು ಬದಲಿಸುತ್ತದೆ, ತೊಡಕನ್ನೇ ಅಳಿಸುವುದಿಲ್ಲ.

ಕನ್ನಡಕ್ಕೆ ಅದರದೇ ಆದ ಕಷ್ಟಗಳಿವೆ. 34 ವ್ಯಂಜನಗಳಿಗೆ ಸ್ವರಚಿಹ್ನೆಗಳು ಸೇರಿದರೆ ಮಗು ಗುರುತಿಸಬೇಕಾದ ಗುಣಿತಾಕ್ಷರಗಳೇ ನಾನೂರನ್ನು ಮೀರುತ್ತವೆ. ಅವುಗಳ ಕೆಳಗೆ ಒತ್ತಕ್ಷರಗಳು. ‘ಸೂರ್ಯ’ ಎನ್ನುವಾಗ ಕಿವಿಗೆ ಮೊದಲು ರಕಾರ ಕೇಳುತ್ತದೆ, ಆಮೇಲೆ ಯಕಾರ. ಕಾಗದದ ಮೇಲೆ ಅರ್ಕಾವತ್ತು ಯಕಾರದ ನಂತರ ಬರುತ್ತದೆ. ನಾವು ಇದನ್ನು ಅಭ್ಯಾಸಬಲದಿಂದ ದಾಟಿಬಿಡುತ್ತೇವೆ. ಶಬ್ದಕ್ಕೂ ಚಿಹ್ನೆಗೂ ನಂಟು ಬೆಸೆಯಲು ತಡಕಾಡುವ ಮಗುವಿಗೆ ಅದು ಪ್ರತಿ ಸಲವೂ ಹೊಸ ಗೋಡೆ. ಸೊನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳನ್ನು ಅಭ್ಯಸಿಸಿ 2007ರಲ್ಲಿ ಪ್ರಕಟಿಸಿದ ಲೇಖನವು ನಮ್ಮ ಲಿಪಿಯ ಪೂರ್ಣ ಪರಿಚಯಕ್ಕೆ ಇಂಗ್ಲಿಷ್ ಅಕ್ಷರಮಾಲೆಗಿಂತ ಹೆಚ್ಚು ಕಾಲ ಹಿಡಿಯುತ್ತದೆ ಎಂಬುದನ್ನು ತೋರಿಸಿತು. ಒಂದನೆಯ ತರಗತಿಯಲ್ಲಿ ಮುಗಿಯಿತೆಂದು ನಾವು ಭಾವಿಸುವ ಅಕ್ಷರಾಭ್ಯಾಸ ಅನೇಕ ಮಕ್ಕಳಲ್ಲಿ ನಾಲ್ಕನೆಯ ತರಗತಿಯವರೆಗೂ ನಡೆದೇ ಇರುತ್ತದೆ. ಇದರ ಮೇಲೆ ತ್ರಿಭಾಷಾ ಪದ್ಧತಿಯಿಂದಾಗಿ ಕನ್ನಡ, ರೋಮನ್, ದೇವನಾಗರಿ ಎಂಬ ಮೂರು ಲಿಪಿಗಳ ಹೊರೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಅಂಶವಿದೆ. ಇಂಥ ಮಗು ಬಹಳ ಬೇಗ ಮಿತವ್ಯಯ ಕಲಿಯುತ್ತದೆ. ಬರೆದ ಪ್ರತಿ ಪದಕ್ಕೂ ಕೆಂಪು ಶಾಯಿಯ ದಂಡ ಬೀಳುವ ಅಪಾಯವಿದ್ದರೆ, ಕಡಿಮೆ ಬರೆಯುವುದೇ ಜಾಣತನ. ಮಳೆಗಾಲದ ಒಂದು ಸಂಜೆ ವರ್ತೂರು ಕೆರೆಯ ಕೋಡಿಯ ಬಳಿ ನೊರೆ ಏಳುವುದನ್ನು ನೋಡಿ ಬಂದ ನನ್ನ ಮೊಮ್ಮಗ ಅದರ ಬಗ್ಗೆ ಕಾಲು ಗಂಟೆ ಎಡೆಬಿಡದೆ ಮಾತಾಡಿದ. ಬಟ್ಟೆ ತೊಳೆಯುವ ಪುಡಿಯ ಅಂಶ ಕೊಳಚೆ ನೀರಿನಲ್ಲಿ ಉಳಿದಿರುವುದು, ನೀರು ಎತ್ತರದಿಂದ ಬೀಳುವಾಗ ಗಾಳಿ ಸೇರುವುದು, ಮಳೆ ಬಂದಾಗ ನೊರೆ ಹೆಚ್ಚುವುದು, ಎಲ್ಲವೂ ಅದರಲ್ಲಿತ್ತು. ಅದೇ ವಾರ ಶಾಲೆಯ ಪ್ರಬಂಧದಲ್ಲಿ ಅವನು ಬರೆದದ್ದು ಎರಡು ವಾಕ್ಯ: ‘ಕೆರೆ ದೊಡ್ಡದು. ನೀರು ಇದೆ.’ ಎರಡರಲ್ಲೂ ಕಾಗುಣಿತದ ತಪ್ಪಿಲ್ಲ. ಶಿಕ್ಷಕರು ಸರಿ ಚಿಹ್ನೆ ಹಾಕಿದ್ದರು. ಆ ಸರಿ ಚಿಹ್ನೆ ನನ್ನನ್ನು ಯಾವ ಕೆಂಪು ಗುರುತಿಗಿಂತಲೂ ಹೆಚ್ಚು ಚಿಂತೆಗೀಡುಮಾಡಿತು.

ವಿಕಿ ಏಕೆ?

ವಿಕಿ ಎಂದರೆ ಹಲವರು ಸೇರಿ ಬರೆಯುವ, ತಿದ್ದುವ, ಬೆಳೆಸುವ ಪುಟಗಳ ಸಮೂಹ. ಇದರ ಮೊದಲ ರೂಪವನ್ನು 1995ರಲ್ಲಿ ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಕಂಪ್ಯೂಟರ್ ತಂತ್ರಜ್ಞರು ರಚಿಸಿದರು. ಹೊನೊಲುಲು ವಿಮಾನ ನಿಲ್ದಾಣದ ಬಸ್ಸೊಂದರ ಹೆಸರಿನಿಂದ ಅವರು ಪದವನ್ನು ತೆಗೆದುಕೊಂಡರು. ಹವಾಯಿಯ ಭಾಷೆಯಲ್ಲಿ ಅದಕ್ಕೆ ‘ಬೇಗ’ ಎಂಬ ಅರ್ಥ. 2001ರ ಜನವರಿಯಲ್ಲಿ ವಿಕಿಪೀಡಿಯ ಹುಟ್ಟಿತು, 2003ರಲ್ಲಿ ಅದರ ಕನ್ನಡ ಆವೃತ್ತಿ. ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ನೆರೆಮನೆಯ ಎಂಜಿನಿಯರ್ ಯುವಕರೊಬ್ಬರ ಸಹಾಯದಿಂದ ನಾವು ನಮ್ಮ ಕುಟುಂಬದವರಿಗಷ್ಟೇ ತೆರೆಯುವ ಒಂದು ವಿಕಿಯನ್ನು ಸ್ಥಾಪಿಸಿಕೊಂಡೆವು.

ಹೊರನೋಟಕ್ಕೆ ಇದು ವಿಚಿತ್ರವೆನಿಸಬಹುದು. ಅಕ್ಷರದೊಂದಿಗೆ ಜಗಳವಿರುವ ಮಗುವಿಗೆ ಅಕ್ಷರಗಳಿಂದಲೇ ತುಂಬಿದ ಆಟಿಕೆಯೇ? ಆದರೆ ವಿಕಿಯ ಮೂರು ಗುಣಗಳು ಶಾಲೆಯ ನೋಟ್‌ಬುಕ್ಕಿನಲ್ಲಿಲ್ಲ.

ಮೊದಲನೆಯದು, ವಿಕಿಯಲ್ಲಿ ಯಾವ ಪುಟವೂ ಮುಗಿದ ಪುಟವಲ್ಲ. ನೋಟ್‌ಬುಕ್ಕಿನಲ್ಲಿ ತಿದ್ದುಪಡಿಯೆಂದರೆ ತೀರ್ಪು. ವಿಕಿಯಲ್ಲಿ ತಿದ್ದುಪಡಿಯೆಂದರೆ ದಿನಚರಿ. ಎಲ್ಲರ ಬರಹವೂ ತಿದ್ದಲ್ಪಡುತ್ತದೆ, ಅಜ್ಜನದೂ ಸೇರಿ. ಎರಡನೆಯದು, ಕೆಲಸವನ್ನು ಹಂಚಿಕೊಳ್ಳಬಹುದು. ವಿಷಯ ತರುವವನೊಬ್ಬ, ವಾಕ್ಯ ಜೋಡಿಸುವವಳೊಬ್ಬಳು, ಕಾಗುಣಿತ ನೋಡುವವನು ಮತ್ತೊಬ್ಬ. ಮೂರನೆಯದು, ಪ್ರತಿ ಪುಟಕ್ಕೂ ‘ಇತಿಹಾಸ’ ಎಂಬ ಭಾಗವಿರುತ್ತದೆ. ಯಾರು, ಯಾವಾಗ, ಏನನ್ನು ಸೇರಿಸಿದರು ಎಂಬುದು ಅಲ್ಲಿ ಉಳಿಯುತ್ತದೆ. ಸರ್ಕಾರಿ ಕಡತದ ಟಿಪ್ಪಣಿ ಹಾಳೆಯ ಪರಿಚಯವಿರುವವರಿಗೆ ಇದರ ಬೆಲೆ ವಿವರಿಸಬೇಕಿಲ್ಲ. ಕೊನೆಯ ಆದೇಶಕ್ಕೆ ಸಹಿ ಹಾಕಿದವರು ಯಾರೇ ಆಗಲಿ, ವಿಚಾರ ಯಾರದೆಂಬುದು ಟಿಪ್ಪಣಿಯಲ್ಲಿ ಇದ್ದೇ ಇರುತ್ತದೆ.

ಇನ್ನೊಂದು ಚಿಕ್ಕ ಸಂಗತಿಯನ್ನು ಹೇಳಲೇಬೇಕು. ಈ ತಂತ್ರಾಂಶದಲ್ಲಿ ಇನ್ನೂ ಬರೆಯದ ಪುಟವೊಂದಕ್ಕೆ ಕೊಂಡಿ ಕೊಟ್ಟರೆ ಅದು ಕೆಂಪು ಬಣ್ಣದಲ್ಲಿ ಕಾಣಿಸುತ್ತದೆ. ಕೆಂಪೆಂದರೆ ತಪ್ಪು ಎಂದೇ ತಿಳಿದಿದ್ದ ಹುಡುಗನಿಗೆ, ಇಲ್ಲಿ ಕೆಂಪೆಂದರೆ ‘ಈ ಪುಟ ಬರೆಯುವವರಿಗಾಗಿ ಕಾದಿದೆ’ ಎಂದು ಅರ್ಥ ಎಂಬುದು ಮನವರಿಕೆಯಾಗಲು ಕೆಲವು ವಾರಗಳು ಹಿಡಿದವು. ಈಗ ಅವನು ಬೇಕೆಂದೇ ಕೆಂಪು ಕೊಂಡಿಗಳನ್ನು ಬಿತ್ತುತ್ತಾನೆ.

ಕೆರೆಗಳ ಪುಟಗಳು

ವಿಷಯದ ಆಯ್ಕೆ ಅವನದೇ. ಬೆಂಗಳೂರು ಒಂದು ದಿಣ್ಣೆಯ ಮೇಲಿದೆ. ಅದರ ಪೂರ್ವದ ನೀರು ದಕ್ಷಿಣ ಪಿನಾಕಿನಿಯತ್ತ, ಪಶ್ಚಿಮದ ನೀರು ಅರ್ಕಾವತಿಯ ಮೂಲಕ ಕಾವೇರಿಯತ್ತ ಹರಿಯುತ್ತದೆ. ನಡುವಿನ ಕಣಿವೆಗಳಲ್ಲಿ ಹಿಂದಿನವರು ಸರಪಳಿಯಂತೆ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆ ಸೇರುತ್ತಿತ್ತು. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿ ಕೊಡುವುದೆಂದರೇನು ಎಂದು ವಿವರಿಸಲು ನಾನು ಮಾತು ಹುಡುಕುತ್ತಿದ್ದಾಗ, ‘ಅಂದರೆ ರಾಜಕಾಲುವೆ’ ಎಂದು ಅವನೇ ಹೇಳಿ ಮುಗಿಸಿದ.

ಕೆಲಸದ ಕ್ರಮ ಸರಳ. ಭಾನುವಾರ ಬೆಳಗ್ಗೆ ಒಂದು ಕೆರೆಗೆ ಹೋಗುತ್ತೇವೆ. ಅವನು ಚಿತ್ರ ತೆಗೆಯುತ್ತಾನೆ, ಏರಿ, ತೂಬು, ಕೋಡಿ ಎಲ್ಲಿವೆಯೆಂದು ನಕ್ಷೆ ಗೀಚುತ್ತಾನೆ, ದನ ಮೇಯಿಸುವವರನ್ನೋ ಮೀನು ಹಿಡಿಯುವವರನ್ನೋ ಮಾತಾಡಿಸುತ್ತಾನೆ. ಮನೆಗೆ ಬಂದು ಕಂಡದ್ದನ್ನು ಮೊಬೈಲ್ ಫೋನಿಗೆ ಹೇಳುತ್ತಾನೆ. 2017ರಲ್ಲಿ ಗೂಗಲ್ ಸಂಸ್ಥೆ ಕನ್ನಡದಲ್ಲೂ ಧ್ವನಿಯಿಂದ ಬೆರಳಚ್ಚು ಮಾಡುವ ಸೌಲಭ್ಯ ಒದಗಿಸಿದ ಮೇಲೆ ಇದು ಸುಲಭವಾಗಿದೆ. ಯಂತ್ರ ತಪ್ಪಾಗಿ ಕೇಳಿಸಿಕೊಂಡು ಬರೆದಾಗ ಅವನಿಗೆ ವಿಶೇಷ ಸಂತೋಷ. ಕಾಗುಣಿತ ತಪ್ಪುವುದು ತಾನೊಬ್ಬನೇ ಅಲ್ಲವೆಂದು. ಬಳಿಕ ಅದೇ ಬರಹವನ್ನು ಯಂತ್ರದಿಂದ ಗಟ್ಟಿಯಾಗಿ ಓದಿಸಿ ಕೇಳುತ್ತಾನೆ. ಕಣ್ಣಿಗೆ ಕಾಣದ ತಪ್ಪು ಕಿವಿಗೆ ಕೇಳುತ್ತದೆ. ತಿದ್ದಬೇಕಾದ ಪದಗಳಲ್ಲಿ ದಿನಕ್ಕೆ ಐದನ್ನು ಮಾತ್ರ ಅವನು ಕೈಯಾರೆ ತಿದ್ದಬೇಕೆಂಬುದು ನಮ್ಮ ಒಪ್ಪಂದ. ಉಳಿದವು ಶಿವಮೊಗ್ಗದಲ್ಲಿರುವ ಅವನ ಸೋದರತ್ತೆಯ ಮಗಳ ಪಾಲು. ಅವಳದು ಅಚ್ಚುಕಟ್ಟಾದ ಭಾಷೆ, ಒಂಬತ್ತನೆಯ ತರಗತಿ.

ಈಗ ಮೂವತ್ತಕ್ಕೂ ಹೆಚ್ಚು ಪುಟಗಳಾಗಿವೆ. ಅವನ್ನು ಗುಂಪುಗಳಾಗಿ ವಿಂಗಡಿಸುವ ಪ್ರಶ್ನೆ ಬಂದಾಗ ನಾನು ಆಡಳಿತಗಾರನ ರೂಢಿಯಂತೆ ತಾಲ್ಲೂಕುವಾರು ಪಟ್ಟಿಯನ್ನು ಸೂಚಿಸಿದೆ. ಅವನು ಒಪ್ಪಲಿಲ್ಲ. ಅವನು ಮಾಡಿದ ಗುಂಪುಗಳು ಮೂರು: ಇರುವ ಕೆರೆ, ಇಲ್ಲದ ಕೆರೆ, ಅರ್ಧ ಇರುವ ಕೆರೆ. ಕೆಂಪೇಗೌಡ ಬಸ್ ನಿಲ್ದಾಣದ ಕೆಳಗಿರುವ ಧರ್ಮಾಂಬುಧಿ, 1997ರ ರಾಷ್ಟ್ರೀಯ ಕ್ರೀಡಾಕೂಟದ ವಸತಿ ಸಮುಚ್ಚಯ ಎದ್ದು ನಿಂತಿರುವ ಕೋರಮಂಗಲ ಕೆರೆ ಎರಡನೆಯ ಗುಂಪಿಗೆ ಸೇರಿದವು. ಕಂಠೀರವ ಕ್ರೀಡಾಂಗಣಕ್ಕೆ ಜಾಗ ಕೊಟ್ಟು, ಕರಗದ ವಿಧಿಗಳಿಗಾಗಿ ಪುಟ್ಟ ಕೊಳವೊಂದನ್ನಷ್ಟೇ ಉಳಿಸಿಕೊಂಡಿರುವ ಸಂಪಂಗಿ ಕೆರೆ ಎಲ್ಲಿಗೆ ಸೇರಬೇಕೆಂಬ ಚರ್ಚೆ ಎರಡು ದಿನ ನಡೆದು, ಮೂರನೆಯ ಗುಂಪು ಹುಟ್ಟಿದ್ದೇ ಅದರಿಂದ. ಬೆಂಗಳೂರಿನ ಕೆರೆಗಳ ಬಗ್ಗೆ ಹಲವು ಸಮಿತಿಗಳ ವರದಿಗಳನ್ನು ಓದಿದ್ದೇನೆ. ಇದಕ್ಕಿಂತ ನಿಖರವಾದ ವರ್ಗೀಕರಣವನ್ನು ಕಂಡ ನೆನಪಿಲ್ಲ.

ಇಡೀ ಪ್ರಯತ್ನದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಘಟನೆ ಬೆಳ್ಳಂದೂರು ಕೆರೆಯ ಪುಟದಲ್ಲಿ ದಾಖಲಾಗಿದೆ. ಶಿವಮೊಗ್ಗದ ಹುಡುಗಿ ಆ ಪುಟದಲ್ಲಿ ಹನ್ನೊಂದು ಕಾಗುಣಿತದ ತಪ್ಪುಗಳನ್ನು ತಿದ್ದಿ, ಜೊತೆಗೆ ಒಂದು ಸುಂದರವಾದ ವಾಕ್ಯವನ್ನೂ ಸೇರಿಸಿದ್ದಳು: ವರ್ತೂರು ಕೆರೆಯ ನೀರು ಬೆಳ್ಳಂದೂರಿಗೆ ಹರಿದು ಬರುತ್ತದೆ ಎಂದು. ವ್ಯಾಕರಣ ನಿರ್ದುಷ್ಟ, ಸಂಗತಿ ತಿರುವುಮುರುವು. ಮೊಮ್ಮಗ ಅದನ್ನು ಕೇಳಿಸಿಕೊಂಡ ಕೂಡಲೇ ಎರಡು ಹೆಸರುಗಳನ್ನು ಅದಲುಬದಲು ಮಾಡಿದ; ಚರ್ಚೆಯ ಪುಟದಲ್ಲಿ ‘ನೀರು ಮೇಲಕ್ಕೆ ಹೋಗಲ್ಲ’ ಎಂದು ಕಾರಣವನ್ನೂ ಬರೆದ. ಮೂರು ಪದಗಳ ಆ ಟಿಪ್ಪಣಿಯನ್ನು ಅವನು ತನ್ನ ಕೈಯಾರೆ, ಯಾರ ನೆರವೂ ಇಲ್ಲದೆ ಬೆರಳಚ್ಚಿಸಿದ್ದ. ಪುಟದ ಇತಿಹಾಸದಲ್ಲಿ ಈಗ ಎರಡೂ ಪಕ್ಕಪಕ್ಕದಲ್ಲಿವೆ: ಅವಳು ತಿದ್ದಿದ ಹನ್ನೊಂದು ಕಾಗುಣಿತ, ಅವನು ತಿದ್ದಿದ ಒಂದು ಹರಿವು. ಅಂದಿನಿಂದ ಅವಳು ಅವನನ್ನು ಕೇಳದೆ ನೀರಿನ ವಿಷಯ ಬರೆಯುವುದಿಲ್ಲ.

ತಪ್ಪಿನ ಬೆಲೆ ಇಳಿದಾಗ

ಇದಕ್ಕೆ ಅರ್ಥಶಾಸ್ತ್ರದಲ್ಲಿ ವಿವರಣೆಯುಂಟು. ವಿಕಿಯಂಥ ಸಹಕಾರಿ ಉತ್ಪಾದನೆ ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಯೊಖಾಯ್ ಬೆಂಕ್ಲರ್ 2002ರಲ್ಲಿ ಯೇಲ್ ಕಾನೂನು ಪತ್ರಿಕೆಯ ಒಂದು ಲೇಖನದಲ್ಲಿ ವಿಶ್ಲೇಷಿಸಿದರು. ಕೆಲಸವನ್ನು ಬಿಡಿಬಿಡಿಯಾದ, ಚಿಕ್ಕಚಿಕ್ಕ ತುಂಡುಗಳಾಗಿ ಒಡೆಯಲು ಬರುವಂತಿದ್ದರೆ, ಪ್ರತಿಯೊಬ್ಬರೂ ತಮಗೆ ಒಗ್ಗುವ ತುಂಡನ್ನು ತಾವೇ ಆರಿಸಿಕೊಳ್ಳುತ್ತಾರೆ. ತುಂಡುಗಳನ್ನು ಮತ್ತೆ ಜೋಡಿಸುವ ಖರ್ಚು ಕಡಿಮೆಯಾಗಿದ್ದರೆ ಒಟ್ಟು ಕೆಲಸ ಕೂಡಿಬರುತ್ತದೆ ಎಂಬುದು ಅವರ ವಾದದ ತಿರುಳು. ಅವರು ಡಿಸ್ಲೆಕ್ಸಿಯಾದ ಬಗ್ಗೆ ಬರೆದಿರಲಿಲ್ಲ. ಆದರೆ ಶಾಲೆಯ ಪ್ರಬಂಧ ಈ ಮಗುವಿಗೆ ಏಕೆ ಅಸಾಧ್ಯವೆಂಬುದನ್ನು ಅದು ಚೆನ್ನಾಗಿ ತಿಳಿಸುತ್ತದೆ. ಪ್ರಬಂಧ ಒಡೆಯಲಾಗದ ಗಟ್ಟಿ. ವಿಚಾರ, ವಾಕ್ಯ, ಅಕ್ಷರ, ಕೈಬರಹ, ಎಲ್ಲವನ್ನೂ ಒಬ್ಬರೇ ಒಂದೇ ಹೊತ್ತಿಗೆ ನಿಭಾಯಿಸಬೇಕು. ಒಂದು ಕಡೆ ಕುಸಿದರೆ ಉಳಿದದ್ದೂ ಕಾಣಿಸದೇ ಹೋಗುತ್ತದೆ. ವಿಕಿ ಅದೇ ಕೆಲಸವನ್ನು ಬಿಡಿಸಿಡುತ್ತದೆ.

ತಪ್ಪಿನ ಬೆಲೆ ಇಳಿದಾಗ ಉತ್ಪಾದನೆ ಏರುವುದು ಸಹಜ. ನಾಲ್ಕು ತಿಂಗಳ ಹೊತ್ತಿಗೆ ಮೊಮ್ಮಗನ ವಾಕ್ಯಗಳು ಉದ್ದವಾದವು. ತನಗೆ ಕಾಗುಣಿತ ಬಾರದ ಪದಗಳನ್ನೂ ಬಳಸಲು ಅವನು ಹಿಂಜರಿಯುತ್ತಿಲ್ಲ. ‘ಪುನಶ್ಚೇತನ’ ಎಂಬ ಪದವನ್ನು ಅವನು ಆರು ಬಗೆಯಲ್ಲಿ ಬರೆದಿದ್ದಾನೆ. ಆದರೆ ಆರು ಪುಟಗಳಲ್ಲಿ ಬರೆದಿದ್ದಾನೆ.

ಎಚ್ಚರ ವಹಿಸಬೇಕಾದ ಸಂಗತಿಗಳು

ಇಷ್ಟು ಹೇಳಿದ ಮೇಲೆ ಕೆಲವು ಎಚ್ಚರಿಕೆಗಳನ್ನೂ ಹೇಳಬೇಕು. ವಿಕಿ ಚಿಕಿತ್ಸೆಯಲ್ಲ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಶಬ್ದ ಮತ್ತು ಅಕ್ಷರದ ಸಂಬಂಧವನ್ನು ಕ್ರಮಬದ್ಧವಾಗಿ, ಮತ್ತೆ ಮತ್ತೆ, ತಾಳ್ಮೆಯಿಂದ ಕಲಿಸುವ ತರಬೇತಿ ಬೇಕೇ ಬೇಕು. ಮೊಮ್ಮಗನಿಗೆ ವಾರಕ್ಕೆ ಮೂರು ದಿನ ವಿಶೇಷ ಶಿಕ್ಷಕಿಯೊಬ್ಬರು ಆ ಪಾಠ ಮಾಡುತ್ತಾರೆ. ಅವನ ಓದು ಇಂದಿಗೂ ನಿಧಾನ. ವಿಕಿಯಿಂದ ಓದಿನ ವೇಗ ಹೆಚ್ಚಿತೆಂದು ನಾನು ಹೇಳಲಾರೆ. ಕಷ್ಟಪಟ್ಟು ಓದುವುದಕ್ಕೆ ಅವನಿಗೊಂದು ಕಾರಣ ಸಿಕ್ಕಿತೆಂದು ಮಾತ್ರ ಹೇಳಬಲ್ಲೆ.

ಎರಡನೆಯದಾಗಿ, ಇಂಥ ಮಕ್ಕಳೆಲ್ಲ ಗುಪ್ತ ಪ್ರತಿಭಾವಂತರು ಎಂಬ ಜನಪ್ರಿಯ ನಂಬಿಕೆ. ಐನ್‌ಸ್ಟೀನರ ಹೆಸರು ಹೇಳಿ ಪೋಷಕರನ್ನು ಸಂತೈಸುವವರು ಬಹಳ. ಇದು ಮಗುವಿನ ಮೇಲೆ ಇನ್ನೊಂದು ಭಾರ ಹೊರಿಸುತ್ತದೆ. ಅಸಾಧಾರಣನಾಗದಿದ್ದರೆ ಅವನ ತೊಡಕಿಗೆ ಕ್ಷಮೆಯಿಲ್ಲ ಎಂಬಂತೆ. ಸಾಧಾರಣ ಬುದ್ಧಿಯ ಮಗುವಿಗೂ ತನ್ನ ಮಾತು ಬರಹವಾಗಿ ನಿಲ್ಲಬೇಕೆಂಬ ಹಕ್ಕಿದೆ.

ಮೂರನೆಯದು ನಮ್ಮಂಥ ಹಿರಿಯರಿಗೆ ಸಂಬಂಧಿಸಿದ್ದು. ತಿದ್ದುವ ಅಧಿಕಾರ ಕೈಗೆ ಬಂದರೆ ಇಡೀ ಪುಟವನ್ನೇ ಹೊಸದಾಗಿ ಬರೆದುಬಿಡುವ ಚಪಲ ದೊಡ್ಡವರಿಗೆ ಸಹಜ. ಹಾಗೆ ಮಾಡಿದರೆ ಪುಟ ಚೆನ್ನಾಗುತ್ತದೆ, ಮಗು ಮಾಯವಾಗುತ್ತದೆ. ಅದಕ್ಕಾಗಿ ನಮ್ಮಲ್ಲೊಂದು ನಿಯಮವಿದೆ: ಕಾಗುಣಿತವನ್ನು ಯಾರು ಬೇಕಾದರೂ ತಿದ್ದಬಹುದು, ವಾಕ್ಯವನ್ನು ಬದಲಿಸಬೇಕಾದರೆ ಬರೆದವರನ್ನು ಕೇಳಬೇಕು. ನಾಲ್ಕನೆಯದು, ಮಗುವಿನ ಸುರಕ್ಷತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹದಿನೆಂಟು ತುಂಬದವರ ಮಾಹಿತಿಯ ಬಳಕೆಗೆ ಪೋಷಕರ ಸಮ್ಮತಿಯನ್ನು ಕಡ್ಡಾಯಗೊಳಿಸಿದೆ. ಕಾಯಿದೆಯ ಮಾತು ಹಾಗಿರಲಿ, ಬೆಳೆಯುತ್ತಿರುವ ಮಗುವಿನ ಮೊದಲ ತಪ್ಪುಗಳು ಜಗತ್ತಿನ ಮುಂದೆ ಇರಬೇಕಾಗಿಲ್ಲ. ವಿಕಿಯನ್ನು ಮನೆಯ ಅಥವಾ ತರಗತಿಯ ಆವರಣದೊಳಗೆ ಇಡುವುದೇ ಲೇಸು.

ನಮ್ಮಲ್ಲೇ ಇರುವ ಪರಂಪರೆ

ಮಕ್ಕಳು ತಾವೇ ತಮಗಾಗಿ ಜ್ಞಾನಕೋಶ ರಚಿಸುವುದು ಕಂಪ್ಯೂಟರ್ ಯುಗದ ಕಲ್ಪನೆಯೇನಲ್ಲ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಸೆಲೆಸ್ತಿನ್ ಫ್ರೆನೆ ಎಂಬ ಫ್ರೆಂಚ್ ಶಿಕ್ಷಕರು 1920ರ ದಶಕದಲ್ಲಿ ತಮ್ಮ ಹಳ್ಳಿಯ ಶಾಲೆಗೆ ಪುಟ್ಟ ಮುದ್ರಣ ಯಂತ್ರವನ್ನು ತಂದರು. ಮಕ್ಕಳು ಊರನ್ನು ಸುತ್ತಿ, ಕಂಡದ್ದನ್ನು ಬರೆದು, ಕೂಡಿ ತಿದ್ದಿ, ತಾವೇ ಮೊಳೆ ಜೋಡಿಸಿ ಅಚ್ಚು ಹಾಕಿ, ಬೇರೆ ಶಾಲೆಗಳಿಗೆ ಕಳುಹಿಸುತ್ತಿದ್ದರು. ಅದೇ ಫ್ರೆಂಚ್ ಭಾಷೆಯಲ್ಲಿ 2006ರಲ್ಲಿ ವಿಕಿಡಿಯಾ ಎಂಬ ಮಕ್ಕಳ ವಿಕಿ ಆರಂಭವಾಯಿತು. ಅಲ್ಲಿ ಮಕ್ಕಳು ಓದುಗರೂ ಹೌದು, ಬರಹಗಾರರೂ ಹೌದು. ಕನ್ನಡಕ್ಕಿಂತ ಎಷ್ಟೋ ಕಡಿಮೆ ಜನ ಆಡುವ ಬಾಸ್ಕ್ ಭಾಷೆಯಲ್ಲೂ ಮಕ್ಕಳಿಗಾಗಿ ಪ್ರತ್ಯೇಕ ವಿಕಿಯಿದೆ.

ಕನ್ನಡಕ್ಕೆ ಈ ವಿಷಯದಲ್ಲಿ ದೊಡ್ಡ ಪಿತ್ರಾರ್ಜಿತವೇ ಇದೆ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಒಬ್ಬರೇ ರಚಿಸಿದರು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನ ಗಂಗೋತ್ರಿ’ ಬಂತು. ನನ್ನ ಪೀಳಿಗೆಯ ಅನೇಕರ ಮನೆಗಳಲ್ಲಿ ಅದು ಮಕ್ಕಳ ಮೊದಲ ಗ್ರಂಥಾಲಯವಾಗಿತ್ತು. ಅವು ಮಕ್ಕಳಿಗಾಗಿ ಹಿರಿಯರು ಕಟ್ಟಿದ ಕೋಶಗಳು. ಮಕ್ಕಳೇ ಕಟ್ಟುವ ಕೋಶ ಅದರ ಮುಂದಿನ ಹೆಜ್ಜೆ. ನಮ್ಮ ಸರ್ಕಾರಿ ಶಾಲೆಗಳಿಗೂ ಇದು ಅಪರಿಚಿತವಾಗಬೇಕಿಲ್ಲ. ಪ್ರತಿ ಮಗು ತನ್ನ ವೇಗದಲ್ಲಿ ಕಲಿಯಲಿ ಎಂಬ ತತ್ವದ ಮೇಲೆ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ‘ನಲಿ-ಕಲಿ’ ರಾಜ್ಯವನ್ನೆಲ್ಲ ವ್ಯಾಪಿಸಿತಲ್ಲವೇ?

ಆಗಬೇಕಾದದ್ದೇನು?

ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಡ. ತಂತ್ರಾಂಶ ಉಚಿತ. ಒಂದು ಶಾಲೆ ತನ್ನ ಊರಿನ ಬಗ್ಗೆ ಒಂದು ವಿಕಿಯನ್ನು ಆರಂಭಿಸಬಹುದು: ಊರಿನ ಕೆರೆ, ಸಂತೆ, ಜಾತ್ರೆ, ಮರ, ಕಸುಬು. ಅದರಲ್ಲಿ ಎಲ್ಲ ಮಕ್ಕಳೂ ಇರಬೇಕು. ಡಿಸ್ಲೆಕ್ಸಿಯಾ ಇರುವವರಿಗೇ ಪ್ರತ್ಯೇಕ ವಿಕಿ ಮಾಡಿದರೆ ಉದ್ದೇಶವೇ ಸೋಲುತ್ತದೆ. ಚಿತ್ರ ತಂದ ಮಗು, ನಕ್ಷೆ ಬರೆದ ಮಗು, ಮುದುಕರನ್ನು ಮಾತಾಡಿಸಿ ಧ್ವನಿಮುದ್ರಿಸಿದ ಮಗು, ಕಾಗುಣಿತ ತಿದ್ದಿದ ಮಗು, ಎಲ್ಲರ ಹೆಸರೂ ಪುಟದ ಇತಿಹಾಸದಲ್ಲಿ ದಾಖಲಾಗಲಿ. ಆಂತರಿಕ ಮೌಲ್ಯಮಾಪನದ ಅಂಕಗಳಲ್ಲಿ ಒಂದು ಪಾಲು ಆ ಇತಿಹಾಸವನ್ನು ನೋಡಿ ನೀಡುವಂತಾಗಲಿ. ಕಲಿಕೆಯ ತೊಡಕಿರುವ ಮಗುವಿನ ಸಾಮರ್ಥ್ಯಕ್ಕೆ ಮೂರು ಗಂಟೆಯ ಪರೀಕ್ಷೆಗಿಂತ ಅದು ಹೆಚ್ಚು ನಂಬಲರ್ಹವಾದ ಸಾಕ್ಷ್ಯ. ಗ್ರಾಮ ಪಂಚಾಯಿತಿಗಳ ‘ಅರಿವು ಕೇಂದ್ರ’ಗಳಲ್ಲಿ ಕಂಪ್ಯೂಟರುಗಳಿರುವ ಕಡೆ ಶನಿವಾರದ ಎರಡು ಗಂಟೆಯನ್ನು ಇದಕ್ಕೆ ಮೀಸಲಿಡಬಹುದು. ಶಿಕ್ಷಕರ ತರಬೇತಿಯಲ್ಲಿ ಈ ತೊಡಕನ್ನು ಗುರುತಿಸುವ ಪಾಠಕ್ಕೆ ಅರ್ಧ ದಿನದ ಉಪನ್ಯಾಸಕ್ಕಿಂತ ಹೆಚ್ಚಿನ ಜಾಗ ಸಿಗಬೇಕು.

ಇವೆಲ್ಲಕ್ಕೂ ಬೇಕಾಗುವ ನಿಜವಾದ ಬಂಡವಾಳವೆಂದರೆ, ಮಗುವಿನ ಪಕ್ಕದಲ್ಲಿ ಆತುರವಿಲ್ಲದೆ ಕುಳಿತುಕೊಳ್ಳುವ ಒಬ್ಬ ಹಿರಿಯರು. ದುಡಿಯುವ ತಂದೆ-ತಾಯಂದಿರ ಬಳಿ ಅದು ಕಡಿಮೆ. ನಲವತ್ತು ಮಕ್ಕಳ ಶಿಕ್ಷಕರ ಬಳಿ ಇನ್ನೂ ಕಡಿಮೆ. ಆದರೆ ನಮ್ಮ ನಗರಗಳಲ್ಲಿ ಪಿಂಚಣಿ ಪಡೆಯುವ, ಓದು-ಬರಹ ಬಲ್ಲ, ಬೆಳಗಿನ ವಾಯುವಿಹಾರದ ನಂತರ ಪತ್ರಿಕೆ ಓದಿ ಮುಗಿಸಿದರೆ ದಿನವೆಲ್ಲ ಕೈಯಲ್ಲಿರುವ ಸಾವಿರಾರು ಮಂದಿ ಇದ್ದೇವೆ. ಬಳಕೆಯಾಗದ ಸಂಪನ್ಮೂಲವನ್ನು ಅಗತ್ಯವಿರುವೆಡೆಗೆ ಸಾಗಿಸುವುದೇ ಯೋಜನೆಯೆಂಬ ಪದದ ಮೂಲ ಅರ್ಥ. ಹತ್ತಿರದ ಶಾಲೆಗೆ ಹೋಗಿ, ವಾರಕ್ಕೆ ಎರಡ�� ಗಂಟೆ ಒಂದು ಮಗುವಿನ ಜೊತೆ ಕೂತು, ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದುಕೊಡಲು ಯಾವ ಸರ್ಕಾರಿ ಆದೇಶವೂ ಬೇಕಾಗಿಲ್ಲ; ಮುಖ್ಯೋಪಾಧ್ಯಾಯರ ಒಪ್ಪಿಗೆ ಸಾಕು. ಹಾಗೆ ಹೋಗುವವರಿಗೆ ನನ್ನದೊಂದೇ ಸಲಹೆ: ಮೊದಲ ದಿನ ಕಾಗುಣಿತವನ್ನು ತಿದ್ದಬೇಡಿ. ಮಗುವಿಗೆ ಏನು ಗೊತ್ತಿದೆಯೆಂದು ಕೇಳಿ, ಪುಟದ ಮೇಲೆ ಅದರ ಹೆಸರಿನಲ್ಲಿ ಬರೆದಿಡಿ. ತಿದ್ದುವುದು ಎರಡನೆಯ ವಾರಕ್ಕಿರಲಿ.